ಬಿದ್ದ ಮನೆಯನ್ನು ಮತ್ತೆ ಬೀಳಿಸಿದ್ದು

ಚಿಂತಲವಾನಿಪಾಲೆಂನಲ್ಲಿ ಜೀಪಿನಿಂದ ಇಳಿದ ಹರಿಣಿ ಮೊದಲು ಮಾಡಿದ ಕೆಲಸ, ದಾರಿ ತಪ್ಪಿ ಬೇರೆ ಊರಿಗೆ ಬಂದೆವೇನೋ ಎಂದು ಫೋನಿನ ನಕ್ಷೆ ತೆರೆದು ನೋಡಿದ್ದು. ಊರು ಅದೇ. ಸುಂಟರಗಾಳಿ ಬಡಿದದ್ದು ಮಂಗಳವಾರ ಮಧ್ಯಾಹ್ನ, ಇವತ್ತು ಶುಕ್ರವಾರ. ನಷ್ಟದ ಸಮೀಕ್ಷೆಗೆಂದು ಹಿಂದಿನ ಎರಡು ದಿನ ಪೆಂಡುರ್ತಿಯ ಆಚೆಗಿನ ಗೇರುತೋಟಗಳ ನಡುವೆ ಎರಡು ಹಳ್ಳಿ ನೋಡಿದ್ದಳು. ಅಲ್ಲಿ ತಾಳೆಮರಕ್ಕೆ ತಗಡು ಸೀರೆಯ ಹಾಗೆ ಸುತ್ತಿಕೊಂಡಿತ್ತು, ಕೆರೆಯ ನಡುವೆ ಮಂಚವೊಂದು ಕಾಲು ಮೇಲೆ ಮಾಡಿ ಕೂತಿತ್ತು, ಒಬ್ಬರ ಅಂಗಳದಲ್ಲಿ ಯಾರದೆಂದೇ ಗೊತ್ತಾಗದ ಗೋಡೆ ಬಿದ್ದಿತ್ತು. ಇಲ್ಲಿ ಮಾತ್ರ ಓಣಿ ಗುಡಿಸಿತ್ತು, ನೀರು ಚಿಮುಕಿಸಿತ್ತು. ಅರ್ಧ ಗೋಡೆ ಉಳಿದ ಮನೆಗಳ ಮುಂದೆಯೂ ರಂಗೋಲಿ. ಒಡೆದ ಹೆಂಚುಗಳಲ್ಲಿ ದೊಡ್ಡವನ್ನು ಒಂದು ಕಡೆ, ಸಣ್ಣವನ್ನು ಇನ್ನೊಂದು ಕಡೆ ಜೋಡಿಸಿಟ್ಟಿದ್ದರು. ಬೇರು ಮೇಲಾಗಿ ಬಿದ್ದ ತೆಂಗಿನಮರಕ್ಕೆ ಯಾರೋ ಸುಣ್ಣದ ಪಟ್ಟೆ ಬಳಿದಿದ್ದರು.

"ಇದೇನ್ರೀ ಮೇಡಂ, ಮದುವಿ ಮನಿ ಇದ್ದಂಗೈತಿ," ಎಂದ ಡ್ರೈವರ್ ಅಣ್ಣಪ್ಪ. ಅವನು ಸಿರುಗುಪ್ಪದವನು, ವಿಶಾಖಪಟ್ಟಣದ ಗಾಜುವಾಕಕ್ಕೆ ಬಂದು ಇಪ್ಪತ್ತೆರಡು ವರ್ಷ.

ಹರಿಣಿ ನಕ್ಷೆ ಮುಚ್ಚಿ ಓಣಿಯೊಳಗೆ ನಡೆದಳು. ರಾಣೆಬೆನ್ನೂರಿನ ಈ ಹುಡುಗಿಗೆ ಮಾತು ಕಡಿಮೆ. ಸಿವಿಲ್ ಎಂಜಿನಿಯರಿಂಗ್ ಓದಿ, ಕಟ್ಟಡಗಳ ಬಿರುಕು ನೋಡುವ ಒಂದು ಕಂಪನಿಗೆ ಸೇರಿ ಎಂಟು ತಿಂಗಳ ಹಿಂದೆ ವಿಶಾಖಪಟ್ಟಣಕ್ಕೆ ಬಂದವಳು. ಬಿರುಕು ಬಾಯಿ ತೆರೆಯದೆಯೇ ತನ್ನ ಕಥೆ ಹೇಳುತ್ತದೆ ಎಂಬುದೇ ಆ ಕೆಲಸದಲ್ಲಿ ಅವಳಿಗೆ ಹಿಡಿಸಿದ ಸಂಗತಿ. ಮೊದಲು ಮೂವರು ಹುಡುಗಿಯರ ಜೊತೆ ಕೋಣೆ ಹಂಚಿಕೊಂಡಿದ್ದಳು. ಅವರ ಮಾತು ತಾಳಲಾರದೆ ಗಾಜುವಾಕದಲ್ಲಿ ಮೂರನೇ ಮಹಡಿಯ ಒಂಟಿ ಮನೆ ಹಿಡಿದಳು. ಬಾಗಿಲು ಹಾಕಿಕೊಂಡರೆ ಬೆಳಗಿನ ತನಕ ಅಲ್ಲಿ ಯಾರ ದನಿಯೂ ಇರುವುದಿಲ್ಲ.

ಊರು ಹೀಗೆ ಹೊಳೆಯುವುದಕ್ಕೆ ಕಾರಣ ನರಸಿಂಹಮೂರ್ತಿ. ನಿವೃತ್ತ ಹೆಡ್‌ಮಾಸ್ತರರು, ಎಪ್ಪತ್ತರ ಹತ್ತಿರ, ಇಸ್ತ್ರಿ ಮಾಡಿದ ಅಂಗಿ. ಹಿಂದೊಮ್ಮೆ ದೊಡ್ಡ ಚಂಡಮಾರುತ ಬಂದಾಗ ನಷ್ಟ ನೋಡಲು ಬಂದ ಅಧಿಕಾರಿಯೊಬ್ಬ ಮೂಗಿಗೆ ಕರವಸ್ತ್ರ ಹಿಡಿದು, ಎಂಥ ಗಲೀಜು ಊರು ಎಂದಿದ್ದನಂತೆ. ಆ ಮಾತು ಮಾಸ್ತರರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ಸಲ ಸಮೀಕ್ಷೆಯವರು ಬರುತ್ತಾರೆಂದು ಗೊತ್ತಾದದ್ದೇ ರಾಮಮಂದಿರದ ಮೈಕಿನಲ್ಲಿ ಕೂಗಿ ಊರನ್ನು ಎಬ್ಬಿಸಿದರು. ಎರಡು ದಿನ ಹಗಲಿಡೀ ಗುಡಿಸಿದ್ದಾರೆ, ಎತ್ತಿದ್ದಾರೆ, ಸಾಗಿಸಿದ್ದಾರೆ. ಈಗ ಕೈ ಹಿಂದೆ ಕಟ್ಟಿಕೊಂಡು ಹರಿಣಿಯ ಮುಖವನ್ನೇ ನೋಡುತ್ತ ನಿಂತಿದ್ದರು. ತುಂಬಾ ಚೆನ್ನಾಗಿದೆ ಮಾಸ್ತರೇ ಎಂದು ಅವಳು ತನ್ನ ಅರೆಬರೆ ತೆಲುಗಿನಲ್ಲಿ ಹೇಳಿದಳು. ಅವರ ಕಣ್ಣು ತುಂಬಿ ಬಂತು.

ಸರ್ಕಾರ ಹರಿಣಿಯ ಕಂಪನಿಗೆ ವಹಿಸಿದ್ದ ಈ ಸಮೀಕ್ಷೆ ನಡೆಯುತ್ತಿದ್ದದ್ದು ಫೋನಿನ ಒಂದು ಆ್ಯಪ್‌ನಲ್ಲಿ. ಮನೆಯ ಮುಂದೆ ನಿಂತು ಫೋಟೋ ತೆಗೆದರೆ ಅದು ವಿಜಯವಾಡದಲ್ಲಿ ಕೂತ ಪರಿಶೀಲನೆಯವರಿಗೆ ಹೋಗುತ್ತದೆ, ಅವರು ಒಪ್ಪಬೇಕು. ಆ್ಯಪ್ ಮೊದಲು ನಷ್ಟದ ಕಾರಣ ಕೇಳುತ್ತದೆ: ಚಂಡಮಾರುತ, ಪ್ರವಾಹ, ಬೆಂಕಿ, ಭೂಕಂಪ, ಕಾಡಾನೆ. ಸುಂಟರಗಾಳಿ ಪಟ್ಟಿಯಲ್ಲಿರಲಿಲ್ಲ. ಚಂಡಮಾರುತ ಒತ್ತಿ ಎಂದಿದ್ದರು ವಿಜಯವಾಡದವರು. ಒತ್ತಿದರೆ ಚಂಡಮಾರುತದ ಹೆಸರೇನು ಎಂದು ಕೇಳುತ್ತಿತ್ತು, ಹೆಸರು ತುಂಬದೆ ಮುಂದೆ ಬಿಡುತ್ತಿರಲಿಲ್ಲ. ನಾಲ್ಕು ನಿಮಿಷ ಬೀಸಿ ಹೋದ ಗಾಳಿಗೆ ನಾಮಕರಣ ಮಾಡಿದವರು ಯಾರು? ಕೊನೆಗೆ ವಿಜಯವಾಡದವರೇ ಯೋಚಿಸಿ 'ಮಂಗಳವಾರ' ಎಂದು ತುಂಬಿಸಿ ಎಂದರು. ಹಾಗಾಗಿ ಮೂರು ದಿನದಿಂದ ಹರಿಣಿ ಮಂಗಳವಾರ ಚಂಡಮಾರುತದ ಸಂತ್ರಸ್ತರನ್ನು ದಾಖಲಿಸುತ್ತಿದ್ದಳು. ಕಡೆಯ ಗಡುವು ಈ ಸಂಜೆ ಐದು ಗಂಟೆ. ಆಮೇಲೆ ಆ್ಯಪ್ ಮುಚ್ಚುತ್ತದೆ, ಪಟ್ಟಿಗೆ ಸೇರದವರ ಮನೆಗೆ ಏನೂ ಆಗಿಲ್ಲ ಎಂದು ಅರ್ಥ.

ಊರಿಗಿದ್ದದ್ದೇ ಒಂದು ಓಣಿ, ಗಾಳಿ ಅದರ ಉದ್ದಕ್ಕೂ ಹಾದುಹೋಗಿತ್ತು. ಹನ್ನೊಂದು ಮನೆ. ಹತ್ತು ಮನೆಗಳ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ಎಷ್ಟೇ ಗುಡಿಸಿದರೂ ಗೋಡೆಯ ಬಿರುಕುಗಳನ್ನು ಗುಡಿಸಿ ಹಾಕುವುದಕ್ಕೆ ಆಗಿರಲಿಲ್ಲ, ಅವು ಫೋಟೋದಲ್ಲಿ ಬಿದ್ದವು. ಹನ್ನೊಂದನೆಯದು ಹೈಮಾವತಿಯ ಮನೆ. ಇಡೀ ಊರಿನಲ್ಲಿ ಪೂರ್ತಿ ನೆಲಸಮವಾದದ್ದು ಅದೊಂದೇ.

ಅಲ್ಲಿ ಮನೆಯೇ ಇರಲಿಲ್ಲ. ಸಗಣಿ ಸಾರಿಸಿದ ಚೌಕ ನೆಲ, ಅದರ ಒಂದು ಬದಿಯಲ್ಲಿ ರಂಗೋಲಿ, ನಡುವೆ ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಒಂದು ಟ್ರಂಕು. ಹರಿಣಿ ಹತ್ತಿರವಾದ ಕಡೆಯಿಂದ ನೆಲದ ಮೇಲೆ ಕಾಲಿಟ್ಟಳು.

"ಅಮ್ಮಾಯಿ, ಗೋಡೆಯೊಳಗಿಂದ ಬರ್ತಾರಾ ಯಾರಾದರೂ? ಬಾಗಿಲು ಈ ಕಡೆ ಇದೆ."

ಹೈಮಾವತಿಗೆ ಐವತ್ತೈದರ ಆಸುಪಾಸು. ಗೇರುಬೀಜ ಸುಲಿಯುವ ಶೆಡ್ಡಿನಲ್ಲಿ ಕೆಲಸ, ಸಿಪ್ಪೆಯ ಎಣ್ಣೆ ತಾಗಿ ಬೆರಳ ತುದಿಗಳು ಕಪ್ಪು. ಗಂಡ ಸತ್ತು ಒಂಬತ್ತು ವರ್ಷವಾಗಿತ್ತು. ಹರಿಣಿ ಹಿಂದೆ ಸರಿದು, ಸುತ್ತಿ ಬಂದು, ಚಪ್ಪಲಿ ಬಿಟ್ಟು ರಂಗೋಲಿ ದಾಟಿ ಒಳಗೆ ಹೋದಳು. ಬಂದವರೆಲ್ಲ ಹಾಗೆಯೇ ಮಾಡುತ್ತಿದ್ದರು. ಮಾಸ್ತರರಂತೂ ತಲೆ ಬಗ್ಗಿಸಿ ಬಂದರು, ಬಾಗಿಲು ಗಿಡ್ಡವಾಗಿದ್ದಿರಬೇಕು. ಹೈಮಾವತಿ ಕೊಟ್ಟ ಮಜ್ಜಿಗೆ ಕುಡಿಯುವಾಗ ಹರಿಣಿಗೆ ವಿಚಿತ್ರವೆನಿಸಿತು. ಸುತ್ತ ಓಣಿಯ ಗದ್ದಲವಿತ್ತು, ಆದರೆ ಈ ಚೌಕದೊಳಗೆ ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಗೋಡೆ ಹೋದರೂ ಗೋಡೆಯೊಳಗಿನ ಮೌನ ಹೋಗಿರಲಿಲ್ಲ. ಗಾಳಿ ಬಂದಾಗ ನೀವು ಎಲ್ಲಿದ್ದಿರಿ ಎಂದು ಕೇಳಿದಳು. ಹೈಮಾವತಿ ಲೋಟ ತೆಗೆದುಕೊಂಡು ತೊಳೆಯಲು ಹೋದಳು. ಮಾಸ್ತರರು ಮೆಲ್ಲಗೆ ಹೇಳಿದರು, ಅದೊಂದನ್ನು ಅವಳು ಯಾರಿಗೂ ಹೇಳಿಲ್ಲ, ಅತ್ತಿಲ್ಲ ಕೂಡ.

ಹರಿಣಿ ಫೋಟೋ ತೆಗೆದು ಕಳಿಸಿದಳು. ಹತ್ತು ನಿಮಿಷದಲ್ಲಿ ತಿರಸ್ಕಾರ ಬಂತು: ಖಾಲಿ ನಿವೇಶನ. ಹೈಮಾವತಿಯನ್ನು ನಡುವೆ ನಿಲ್ಲಿಸಿ ಇನ್ನೊಂದು ಕಳಿಸಿದಳು: ಫಲಾನುಭವಿ ಇದ್ದಾರೆ, ಮನೆ ಇಲ್ಲ. ಮೂರನೆಯದಕ್ಕೆ ಬಂದ ಉತ್ತರ ನೋಡಿ ಅಣ್ಣಪ್ಪ ಜೀಪಿಗೆ ಒರಗಿಕೊಂಡ. ಹೊಸ ಕಟ್ಟಡಕ್ಕೆ ನೆಲ ಸಿದ್ಧಪಡಿಸಿದಂತೆ ತೋರುತ್ತದೆ, ಎಂದು ಬರೆದಿತ್ತು.

ಅವಳು ವಿಜಯವಾಡಕ್ಕೆ ಫೋನ್ ಮಾಡಿದಳು. ಅಲ್ಲಿ ಕೂತವಳು ತನುಶ್ರೀ. ಅಪ್ಪ ಹಾಸನದ ಕಡೆಯವರು, ಬ್ಯಾಂಕಿನಲ್ಲಿ ವರ್ಗವಾಗಿ ಬಂದು ಅಲ್ಲೇ ನಿಂತವರು. ಮಗಳು ಅಲ್ಲೇ ಹುಟ್ಟಿದವಳು, ಅವಳ ಕನ್ನಡ ಅಡುಗೆಮನೆ ದಾಟಿ ಹೆಚ್ಚು ಹೊರಗೆ ಬಂದದ್ದಿಲ್ಲ, ನಡುನಡುವೆ ತೆಲುಗು ನುಸುಳುತ್ತದೆ.

"ನಾನ್ ಏನ್ ಮಾಡ್ಲಿ ಅಂಡಿ, ನೀವು ಏನೂ ಅನ್ಕೋಬೇಡಿ. ಪೂರ್ಣ ಕುಸಿತ ಅಂದ್ರೆ ಕುಸಿದಿದ್ದು ಕಾಣಿಸ್ಬೇಕು ಕದಾ. ಒಂದು ಗೋಡೆ ಆದ್ರೂ ಬಿದ್ದಿರ್ಲಿ. ಅರ್ಧ ಬಿದ್ದಿರೋರ್ದೆಲ್ಲ ಪಾಸ್ ಮಾಡಿದೀನಿ ಅಲ್ವಾ?"

ಹಾಗಾದರೆ ಪೂರ್ತಿ ಬಿದ್ದವರು ಏನು ಮಾಡಬೇಕು ಎಂದು ಹರಿಣಿ ಕೇಳಿದಳು. ತನುಶ್ರೀ, ಅವಶೇಷ ಎಲ್ಲಿ ಹೋಯಿತು ಎಂದು ಕೇಳಿದಳು. ಒಳ್ಳೆಯ ಪ್ರಶ್ನೆಯೇ. ಹರಿಣಿ ಅದನ್ನು ಮಾಸ್ತರರಿಗೆ ಕೇಳಿದಳು. ಮಾಸ್ತರರ ಮುಖ ಮೊದಲ ಸಲ ಸಣ್ಣದಾಯಿತು.

ಗಾಳಿಗೆ ಊರ ದಾರಿಯ ದೊಡ್ಡ ಹುಣಸೆಮರ ಬೇರು ಸಮೇತ ಕಿತ್ತು ಬಂದು ರಸ್ತೆಯಲ್ಲಿ ಆಳದ ಗುಂಡಿ ಬಿದ್ದಿತ್ತು. ಜೀಪು ಬರುವ ಹಾಗಿರಲಿಲ್ಲ. ಸಮೀಕ್ಷೆಯವರ ಜೀಪು ಬರಲೇಬೇಕಲ್ಲ? ಅದಕ್ಕೇ ಹೈಮಾವತಿಯ ಮನೆಯನ್ನು ನಾಲ್ಕು ಟ್ರಾಕ್ಟರ್ ಲೋಡು ಮಾಡಿ ಗುಂಡಿಗೆ ಸುರಿದು, ಮೇಲೆ ಗ್ರಾವೆಲ್ ಹಾಕಿ ತುಳಿದು ಸಮ ಮಾಡಿದ್ದರು. ಆಕೆಯ ಒಪ್ಪಿಗೆ ಪಡೆದೇ ಮಾಡಿದ್ದರು. ಬೆಳಿಗ್ಗೆ ಹರಿಣಿ ಊರಿಗೆ ಬಂದದ್ದು ಆ ಮನೆಯ ಮೇಲೆ ಹಾದು.

ಆ ಜಾಗಕ್ಕೆ ಹೋಗಿ ಒಂದಿಷ್ಟು ಕೆದರಿ ಫೋಟೋ ಕಳಿಸಿದಳು. ಸ್ಥಳ ಹೊಂದುತ್ತಿಲ್ಲ, ಇದು ರಸ್ತೆ, ಎಂದು ಬಂತು. ಮಂಗಳವಾರವೇ ಯಾರೋ ಫೋನಿನಲ್ಲಿ ಹಿಡಿದ ಚಿತ್ರವಿತ್ತು. ಬಿದ್ದ ಮನೆ ಅದರಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಆ್ಯಪ್ ಆ ಕ್ಷಣದಲ್ಲಿ ತೆಗೆದ ಫೋಟೋ ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ. ಹೈಮಾವತಿ ಕುರ್ಚಿಯಿಂದ ಎದ್ದು ಬಂದು, ಹೆಸರು ಸೇರದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಹರಿಣಿ ಸುತ್ತಿ ಬಳಸದೆ ಹೇಳಿದಳು: ಹೊಸ ಮನೆ ಬರುವುದಿಲ್ಲ. ಹೈಮಾವತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಭೀಮುನಿಪಟ್ಟಣದಲ್ಲಿ ತಂಗಿ ಇದ್ದಾಳೆ. ಒಳ್ಳೆಯವಳೇ. ಅವಳ ಮನೆಯಲ್ಲಿ ನಲ್ಲಿ ತಿರುಗಿಸಬೇಕಾದರೂ ಅವಳ ಮುಖ ನೋಡಬೇಕು. ಅಲ್ಲಿಗೆ ಒಂದು ಸಲ ಹೋದರೆ ನಾನು ಮತ್ತೆ ವಾಪಸ್ ಬರೋಲ್ಲ ಅಮ್ಮಾಯಿ. ಅದು ನನಗೆ ಗೊತ್ತು."

ಅಷ್ಟು ಹೇಳಿ ಕುರ್ಚಿಗೆ ಮರಳಿದಳು. ಮಧ್ಯಾಹ್ನ ಎರಡು ಗಂಟೆ.

ಅಣ್ಣಪ್ಪ ಹತ್ತಿರ ಬಂದು, ಕನ್ನಡದಲ್ಲಿ, ಊರವರಿಗೆ ಕೇಳದ ಹಾಗೆ ಹೇಳಿದ: "ತಾಯೀ, ಮನಿ ಬಿದ್ದಿದ್ದು ಖರೆ ಐತಿ. ಬಿದ್ದ ಜಾಗ ಖರೆ ಐತಿ. ಎರಡೂ ಒಂದ್ಕಡೆ ತಂದ್ರೆ ಸುಳ್ಳು ಹೆಂಗಾತು?"

ಸ್ಥಳವನ್ನು ಮುಟ್ಟಬಾರದು, ಯಾವ ವಸ್ತುವನ್ನೂ ಸರಿಸಬಾರದು ಎಂಬುದು ತರಬೇತಿಯ ಮೊದಲ ದಿನದ ಮೊದಲ ಪಾಠ. ಹರಿಣಿ ಮಾಸ್ತರರ ಕಡೆ ತಿರುಗಿ, ಟ್ರಾಕ್ಟರ್ ಇದೆಯಾ ಎಂದು ಕೇಳಿದಳು.

ಊರಿಗೆ ಊರೇ ರಸ್ತೆ ಅಗೆಯಲು ಹೊರಟಿತು. ಗುದ್ದಲಿ, ಹಾರೆ, ಪುಟ್ಟಿಗಳು ಬಂದವು. ಎರಡು ದಿನ ಬೆವರು ಸುರಿಸಿ ತುಳಿದು ಸಮ ಮಾಡಿದ್ದನ್ನು ಒಂದೂವರೆ ಗಂಟೆಯಲ್ಲಿ ಕಿತ್ತು ಹಾಕಿದರು. ಮೊದಲ ಲೋಡು ಬಂದು ಸಾರಿಸಿದ ನೆಲದ ಅಂಚಿಗೆ ನಿಂತಾಗ ಹೈಮಾವತಿ ಟ್ರಂಕನ್ನೂ ಕುರ್ಚಿಯನ್ನೂ ಹೊರಗೆ ಸಾಗಿಸಿ, ಟ್ರಾಕ್ಟರಿಗೆ ಅಡ್ಡ ನಿಂತಳು. ಲೋಡಿನಲ್ಲಿದ್ದದ್ದೆಲ್ಲ ಅವಳದಲ್ಲ. ಗುಂಡಿ ತುಂಬದಿದ್ದಾಗ ಅವರಿವರ ಒಡಕು ಇಟ್ಟಿಗೆಯನ್ನೂ ಅದರಲ್ಲೇ ಹಾಕಿದ್ದರು. ನನ್ನ ಮನೆಯ ಗೋಡೆಗೆ ನೀಲಿ ಸುಣ್ಣ, ನೀಲಿ ಇಲ್ಲದ್ದನ್ನು ಇಳಿಸಬೇಡಿ ಎಂದಳು. ಒಂದು ಹಸಿರು ತುಂಡನ್ನು ಕೈಯಲ್ಲಿ ಹಿಡಿದು ಮಾಸ್ತರರಿಗೆ ತೋರಿಸಿದಳು.

"ಇದು ನಿಮ್ಮ ಬಚ್ಚಲು. ನಿಮ್ಮ ಬಚ್ಚಲನ್ನು ನನ್ನ ಮನೆಯೊಳಗೆ ಹಾಕ್ತೀರಾ?"

"ಹೈಮಾವತಮ್ಮಾ, ವಿಜಯವಾಡದಲ್ಲಿ ಬಚ್ಚಲು ಯಾವುದು, ಪಡಸಾಲೆ ಯಾವುದು ಅಂತ ಗೊತ್ತಾಗೋಲ್ಲ."

"ನನಗೆ ಗೊತ್ತಾಗುತ್ತಲ್ಲ ಮಾಸ್ತರೇ. ಸರ್ಕಾರಕ್ಕೆ ನಾನು ಇವತ್ತಿನವರೆಗೆ ಸುಳ್ಳು ಹೇಳಿಲ್ಲ."

ನೀಲಿ ತುಂಡುಗಳನ್ನು ಆರಿಸುವುದರಲ್ಲಿ ಅರ್ಧ ಗಂಟೆ ಹೋಯಿತು. ಹೆಂಗಸರು ಅಕ್ಕಿ ಆರಿಸುವ ಹಾಗೆ ಕುಕ್ಕರಗಾಲಿನಲ್ಲಿ ಕೂತು ಗೋಡೆಯನ್ನು ಆರಿಸಿದರು. ಮಾಸ್ತರರು ತಮ್ಮ ಬಚ್ಚಲನ್ನು ಪುಟ್ಟಿಯಲ್ಲಿ ಹೊತ್ತು ಮನೆಗೆ ಸಾಗಿಸಿದರು. ನಾಲ್ಕು ಗಂಟೆಯ ಹೊತ್ತಿಗೆ ನೀಲಿ ರಾಶಿ ಸಿದ್ಧವಾಯಿತು, ಅದನ್ನು ಹೇಗೆ ಹರಡಬೇಕು ಎಂಬಲ್ಲಿ ಜಗಳ ಶುರುವಾಯಿತು. ಅಡುಗೆಮನೆಯ ಗೋಡೆ ಬಡಗಣಕ್ಕೆ ಬಿತ್ತು ಎಂದರು ಕೆಲವರು. ಇಲ್ಲ, ಒಳಮುಖವಾಗಿ ಬಿತ್ತು, ಹಾಗಾಗಿಯೇ ಹಿತ್ತಲಿನ ನುಗ್ಗೆಗಿಡ ಉಳಿಯಿತು ಎಂದರು ಇನ್ನು ಕೆಲವರು. ಒಬ್ಬಾತ ಸುಂಟರಗಾಳಿಯ ಹಾಗೆ ಕೈ ಬೀಸಿ ತಿರುಗಿ ತೋರಿಸಲು ಹೋಗಿ ತಲೆಸುತ್ತಿ ಕೂತ. ಎಲ್ಲರೂ ಹೈಮಾವತಿಯ ಕಡೆ ನೋಡಿದರು. ಅವಳು ನೋಡಿಲ್ಲ ಎಂದಳು. ಅದು ಸುಳ್ಳಾಗಿರಲಿಕ್ಕಿಲ್ಲ, ಆದರೆ ಪೂರ್ತಿ ನಿಜವೂ ಆಗಿರಲಿಕ್ಕಿಲ್ಲ ಎಂದು ಹರಿಣಿಗೆ ಅನ್ನಿಸಿತು.

ಆಗ ಮಾಸ್ತರರು, ಎಂಜಿನಿಯರಮ್ಮ ಇದ್ದಾರಲ್ಲ, ಅವರೇ ಹೇಳಲಿ ಎಂದರು.

ನಲವತ್ತು ಜನ ಅವಳ ಮುಖ ನೋಡುತ್ತ ನಿಂತರು. ಬಿದ್ದ ಗೋಡೆ ನೋಡಿ ಗಾಳಿ ಹೇಗೆ ಬೀಸಿತ್ತು ಎಂದು ಹೇಳುವುದನ್ನು ಅವಳು ಕಲಿತಿದ್ದಳು. ಗಾಳಿಯನ್ನು ಊಹಿಸಿಕೊಂಡು ಗೋಡೆ ಬೀಳಿಸುವುದನ್ನು ಯಾರೂ ಕಲಿಸಿರಲಿಲ್ಲ. ನೆಲಕ್ಕೊರಗಿದ ತೆಂಗು, ಬಾಗಿದ ಕರೆಂಟು ಕಂಬ, ಉಳಿದ ನುಗ್ಗೆಗಿಡ, ಪಕ್ಕದ ಮನೆಯ ಬಿರುಕು ಒಂದೊಂದನ್ನೇ ನೋಡಿದಳು. ಆಮೇಲೆ ಕೈ ಎತ್ತಿ, ಮೊದಲು ತೆಂಕಣ ಗೋಡೆ, ಒಳಮುಖವಾಗಿ, ಎಂದಳು. ಅವಳು ಕೈ ತೋರಿಸಿದಲ್ಲಿ ಗಂಡಸರು ಪುಟ್ಟಿ ಸುರಿದರು. ನಂತರ ಮೂಡಣ ಗೋಡೆ. ಕಡೆಗೆ ಅಡುಗೆಮನೆ, ಬಡಗಣಕ್ಕೆ, ನುಗ್ಗೆಗಿಡದ ಈಚೆಗೇ. ಅವಳು ಒಂದೊಂದೇ ಗೋಡೆಯ ಹೆಸರು ಹೇಳುತ್ತ ಹೋದ ಹಾಗೆ ಮನೆ ಬೀಳುತ್ತ ಹೋಯಿತು. ಈ ಮನೆ ಬೀಳುತ್ತಿರುವುದು ಇದು ಎರಡನೇ ಸಲ, ಬೀಳಿಸುತ್ತಿರುವವಳು ನಾನು ಎಂಬ ಯೋಚನೆ ಬಂದಾಗಲೂ ಅವಳ ಕೈ ಕೆಳಗೆ ಇಳಿಯಲಿಲ್ಲ.

ಫೋಟೋ ಹೋಯಿತು. ನಾಲ್ಕೂ ಮೂವತ್ತೈದಕ್ಕೆ ಉತ್ತರ ಬಂತು: ಪೂರ್ಣ ಕುಸಿತ, ಒಪ್ಪಿದೆ. ಊರವರು ಚಪ್ಪಾಳೆ ತಟ್ಟಿದರು. ಹೈಮಾವತಿ ರಾಶಿಯ ಹೊರಗೆ ನಿಂತು ನೋಡುತ್ತಿದ್ದಳು. ಬೆಳಿಗ್ಗೆ ಅವಳಿಗೊಂದು ಮನೆಯಿತ್ತು, ಈಗ ಕಾಲಿಡುವುದಕ್ಕೂ ಜಾಗವಿರಲಿಲ್ಲ. ಅವಳು ಅತ್ತಳು. ನಾಲ್ಕು ದಿನದಲ್ಲಿ ಮೊದಲ ಸಲ, ಶಬ್ದವಿಲ್ಲದೆ, ಕಪ್ಪು ಬೆರಳುಗಳನ್ನು ಬಾಯಿಗೆ ಒತ್ತಿಕೊಂಡು. ಚಪ್ಪಾಳೆ ನಿಂತಿತು.

ಅಷ್ಟರಲ್ಲಿ ತನುಶ್ರೀಯ ಫೋನ್. ಒಂದು ಪ್ರಶ್ನೆ ಖಾಲಿ ಉಳಿದಿತ್ತು. ಕುಟುಂಬ ಈಗ ಎಲ್ಲಿ ವಾಸವಾಗಿದೆ? ಅದು ತುಂಬದೆ ಹೆಸರು ಪಟ್ಟಿಗೆ ಏರುವುದಿಲ್ಲ. ಹರಿಣಿ ಕೇಳಿದಳು. ಹೈಮಾವತಿ ಕಣ್ಣೊರೆಸಿಕೊಂಡು, ಇಲ್ಲೇ, ಎಂದಳು. ಹರಿಣಿ ಹಾಗೆಯೇ ಬರೆದಳು. ಆ್ಯಪ್ ಕೆಂಪಾಯಿತು: ಪೂರ್ಣವಾಗಿ ಕುಸಿದ ಮನೆಯಲ್ಲಿ ವಾಸ ಸಾಧ್ಯವಿಲ್ಲ. ಪರಿಹಾರ ಶಿಬಿರ ಎಂದು ಬರೆಯೋಣವೆಂದರೆ ಈ ತಾಲೂಕಿನಲ್ಲಿ ಶಿಬಿರವೇ ತೆರೆದಿರಲಿಲ್ಲ. ಮಾಸ್ತರರು ತಮ್ಮ ಮನೆ ಎಂದು ಬರೆಯಿರಿ ಎಂದರು. ಅದನ್ನೂ ಆ್ಯಪ್ ಒಪ್ಪಲಿಲ್ಲ. ಅವರ ಮನೆ ಆಗಲೇ ಹಾನಿಗೊಂಡ ಮನೆಗಳ ಪಟ್ಟಿಯಲ್ಲಿತ್ತು, ಊರಿನ ಉಳಿದೆಲ್ಲ ಮನೆಗಳೂ ಹಾಗೆಯೇ. ತಂಗಿಯ ಮನೆ ಎಂದು ಹರಿಣಿ ಹೇಳಲು ಹೊರಟಾಗ ಹೈಮಾವತಿ ಅವಳ ಕೈ ಹಿಡಿದುಕೊಂಡಳು. ನಾಲ್ಕೂ ಐವತ್ತೆರಡು.

"ಏದೋ ಒಂದು ಹೇಳಿ ಅಂಡಿ," ಎಂದಳು ತನುಶ್ರೀ, ಅವಳ ದನಿ ಈಗ ಮೆತ್ತಗಾಗಿತ್ತು. "ಎಂಟು ನಿಮಿಷ ಇದೆ. ಬಿದ್ದಿಲ್ಲದೇ ಇರೋ ಯಾವ್ದಾದ್ರೂ ಮನೆ."

ಹರಿಣಿ ತನ್ನ ವಿಳಾಸ ಹೇಳಿದಳು. ಗಾಜುವಾಕ, ಮೂರನೇ ಮಹಡಿ, ಮನೆ ನಂಬರು. ಅದು ತನ್ನ ಬಾಯಿಂದಲೇ ಬಂತೆಂದು ಅವಳಿಗೆ ತಿಳಿದದ್ದು ಅಣ್ಣಪ್ಪ ತಿರುಗಿ ನೋಡಿದಾಗ. ಆ್ಯಪ್ ಹಸಿರಾಯಿತು. ಹೈಮಾವತಿಯ ಹೆಸರು ಪಟ್ಟಿಯಲ್ಲಿ ಕೂತಿತು. ಕೆಳಗೆ ಎರಡು ಸಾಲು ಮೂಡಿದವು: ಹದಿನೈದು ದಿನದೊಳಗೆ ಅಧಿಕಾರಿಗಳು ಬಂದು ನೋಡುವವರೆಗೆ ಅವಶೇಷವನ್ನು ಮುಟ್ಟುವಂತಿಲ್ಲ. ಫಲಾನುಭವಿಯನ್ನು ಮೇಲಿನ ವಿಳಾಸದಲ್ಲಿ ಭೇಟಿ ಮಾಡಲಾಗುವುದು.

ಮಾಸ್ತರರು ಅದನ್ನು ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸಿದರು. ಹೈಮಾವತಿ ಗಮನವಿಟ್ಟು ಕೇಳಿದಳು. ನಂತರ ಹರಿಣಿಯನ್ನು ವಿಚಾರಿಸತೊಡಗಿದಳು. ಮೂರನೇ ಮಹಡಿಗೆ ಮೆಟ್ಟಿಲೋ ಲಿಫ್ಟೋ, ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಬಿಸಿಲು ಬೀಳುವ ಜಾಗವಿದೆಯೋ. ಹರಿಣಿ ಉತ್ತರ ಕೊಡುತ್ತ ಹೋದಳು. ಮೂರನೆಯ ಪ್ರಶ್ನೆಯ ಹೊತ್ತಿಗೆ ಇದು ಬರೀ ಕುತೂಹಲವಲ್ಲ ಎಂದು ಹೊಳೆಯಿತು. ಹೈಮಾವತಿ ಟ್ರಂಕನ್ನು ಎತ್ತಿ ಜೀಪಿನ ಹಿಂದೆ ಇಟ್ಟಿದ್ದಳು.

ಅದು ಬರೀ ಬರೆಯುವುದಕ್ಕೆ ಹೇಳಿದ್ದು, ನೀವು ನಿಜವಾಗಿ ಬರಬೇಕಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಬರೆದದ್ದು ಸುಳ್ಳಾಗುತ್ತದೆ, ಸುಳ್ಳಾದರೆ ಈಕೆ ಹೆಸರನ್ನೇ ತೆಗೆಸಿಬಿಡುತ್ತಾಳೆ. ಹರಿಣಿ ಜೀಪು ಹತ್ತಿದಳು. ಬಂದ ದಾರಿಯಲ್ಲಿ ಈಗ ಗುಂಡಿಯಿತ್ತು. ಅಣ್ಣಪ್ಪ ಗೊಣಗುತ್ತ ಗೇರುತೋಟದೊಳಕ್ಕೆ ಗಾಡಿ ತಿರುಗಿಸಿದ. ಮಾಸ್ತರರು ಮುಂದೆ ಮುಂದೆ ನಡೆಯುತ್ತ, ಕೊಂಬೆಗಳನ್ನು ಕೈಯಿಂದ ಎತ್ತಿ ಹಿಡಿದು ದಾರಿ ಮಾಡಿಕೊಟ್ಟರು.

ಡಾಂಬರು ರಸ್ತೆ ಸಿಕ್ಕ ಮೇಲೆ ಹೈಮಾವತಿ, ಮನೆಯಲ್ಲಿ ಯಾರು ಯಾರು ಇದ್ದೀರಿ ಎಂದು ಕೇಳಿದಳು. ನಾನೊಬ್ಬಳೇ ಎಂದಳು ಹರಿಣಿ.

"ಒಬ್ಬಳೇ? ಮತ್ತೆ ಮಾತಾಡೋದು ಯಾರ ಜೊತೆ?"

ಅಣ್ಣಪ್ಪ ಕನ್ನಡಿಯಲ್ಲಿ ನೋಡಿ ನಕ್ಕ, "ಮನಿ ಓನರಿಗೆ ಏನಂತ ಹೇಳ್ತಿ ತಾಯಿ?" ಎಂದ.

ಆಮೇಲೆ ಹೈಮಾವತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಶುರು ಮಾಡಿದಳು. ಮಂಗಳವಾರ ಬೆಳಿಗ್ಗೆ ಎದ್ದದ್ದು, ಒಲೆಗೆ ಸೌದೆ ಒದ್ದೆಯಾಗಿದ್ದದ್ದು, ಅಂದು ಶೆಡ್ಡಿಗೆ ಹೋಗುವುದೋ ಬೇಡವೋ ಎಂದು ಯೋಚಿಸಿದ್ದು, ಗೋಂಗುರ ಸೊಪ್ಪು ಬಿಡಿಸುತ್ತ ಹೊಸ್ತಿಲ ಮೇಲೆ ಕೂತದ್ದು. ಯಾವುದನ್ನೂ ಬಿಡಲಿಲ್ಲ. ಸೊಪ್ಪಿನ ಪ್ರತಿ ಎಲೆಯನ್ನೂ ಬಿಡಿಸಿ ಹೇಳುತ್ತಿದ್ದಾಳೇನೋ ಎಂಬಷ್ಟು ನಿಧಾನ. ಪೆಂಡುರ್ತಿ ಬಂತು, ಹೋಯಿತು. ಲಾರಿಗಳ ನಡುವೆ ಸಂಜೆಯ ದೀಪಗಳು ಹತ್ತಿಕೊಂಡವು. ಹೈಮಾವತಿ ಹೇಳುತ್ತಲೇ ಇದ್ದಳು, ಅನ್ನಕ್ಕೆ ಎಸರು ಇಟ್ಟಿದ್ದಳು, ಪಕ್ಕದ ಮನೆಯವಳು ಉಪ್ಪು ಕೇಳಿಕೊಂಡು ಬಂದಿದ್ದಳು. ಗಾಜುವಾಕ ಬಂದರೂ ಅವಳ ಮಾತಿನಲ್ಲಿ ಗಾಳಿ ಇನ್ನೂ ಬಂದಿರಲಿಲ್ಲ.